ಹದಿನೇಳನೇ ಸಾಕ್ಷಿ

ಜೂನ್ 3

ದೀಪ ಹತ್ತಿದೆಯೋ ಇಲ್ಲವೋ ನನಗೆ ಕಾಣುವುದಿಲ್ಲ. ಗುಂಡಿ ಒತ್ತಿದಾಗ ಬೆರಳಿಗೆ ಸಣ್ಣ ನಡುಕ ತಾಗಿತು, ಅಂದರೆ ಇದು ಕೇಳಿಸಿಕೊಳ್ಳುತ್ತಿದೆ. ಗ್ರಂಥಾಲಯದಿಂದ ಎರಡು ತಿಂಗಳಿಗೆ ಎರವಲು ತಂದ ಇ-ರೀಡರ್. ಅಂಗೈಯಷ್ಟಗಲ, ಸಾಬೂನಿನಷ್ಟು ತೂಕ. ಪುಸ್ತಕ ತುಂಬಿಸಿದರೆ ಗಟ್ಟಿಯಾಗಿ ಓದುತ್ತದೆ, ನಾನು ಮಾತಾಡಿದರೆ ತುಂಬಿಟ್ಟುಕೊಳ್ಳುತ್ತದೆ. ಈ ತಿಂಗಳು ಮನೆಯಲ್ಲಿ ನನ್ನ ಮಾತಿಗೆ ಮರುಮಾತಿಲ್ಲ, ಅದಕ್ಕೇ ಇದರ ಜೊತೆ ಹರಟೆ.

ಕಾರಣ ಅಕ್ಕನ ಗಂಟಲು. ಒಳಗೆ ಸಾಸಿವೆಯಷ್ಟು ಗಂಟು ಎದ್ದಿದೆಯಂತೆ. ಒಂದು ತಿಂಗಳು ಪೂರ್ತಿ ಮೌನ, ಪಿಸುಮಾತೂ ಕೂಡದು ಎಂದರು ಡಾಕ್ಟರು. "ಏನು ಕೆಲಸ ಮಾಡ್ತೀರಮ್ಮ, ಟೀಚರಾ?" ಎಂದು ಕೇಳಿದ್ದಕ್ಕೆ ಅಕ್ಕ, "ಇಲ್ಲ ಡಾಕ್ಟ್ರೇ, ತಮ್ಮನಿಗೆ ಓದಿ ಹೇಳ್ತೀನಿ" ಎಂದಳು. ಅದೇ ಅವಳ ಕೊನೆಯ ಮಾತು. ಥೂ, ಕೊನೆಯ ಮಾತು ಅನ್ನಬಾರದು. ಈ ತಿಂಗಳ ಕೊನೆಯ ಮಾತು.

ಹದಿನಾಲ್ಕನೇ ವಯಸ್ಸಿಗೆ ನನ್ನ ಕಣ್ಣು ಪೂರ್ತಿ ಹೋಯಿತು. ಈಗ ಐವತ್ತು. ಈ ಮೂವತ್ತಾರು ವರ್ಷ ಶಾಲೆಯ ಪಾಠದಿಂದ ಹಿಡಿದು ಪತ್ರಿಕೆ, ಕಾಗದಪತ್ರ, ನನ್ನ ಎರಡು ಪುಸ್ತಕಗಳಿಗೆ ಬೇಕಾದ ಹಳೇ ದಾಖಲೆ, ಎಲ್ಲ ನನ್ನ ಕಿವಿಗೆ ಬಿದ್ದದ್ದು ಅಕ್ಕನ ದನಿಯಲ್ಲೇ. ಗಂಟು ಎದ್ದದ್ದರಲ್ಲಿ ಆಶ್ಚರ್ಯವಿಲ್ಲ, ಇಷ್ಟು ತಡವಾಗಿ ಎದ್ದದ್ದೇ ಆಶ್ಚರ್ಯ.

ಈಗ ಬರೆಯುತ್ತಿರುವುದು ಮೂರನೆಯದು: ನಮ್ಮೂರ ಬಟ್ಟೆ ಮಿಲ್ಲಿನ ಕಥೆ. ನಲವತ್ತು ವರ್ಷದ ಹಿಂದೆ ಅಲ್ಲಿ ಬಾಯ್ಲರ್ ಸಿಡಿದು ಹನ್ನೊಂದು ಜನ ಸತ್ತರು. ಆ ಹನ್ನೊಂದರಲ್ಲಿ ಅಪ್ಪ ಒಬ್ಬರು. ಬಾಯ್ಲರ್ ನೋಡಿಕೊಳ್ಳುತ್ತಿದ್ದವರೂ ಅವರೇ. ಹಬೆ ಹೆಚ್ಚಾದರೆ ತಾನಾಗಿ ತೆರೆದುಕೊಂಡು ಹೊರಗೆ ಬಿಡುವ ಸೇಫ್ಟಿ ವಾಲ್ವ್ ಇರುತ್ತದಲ್ಲ, ಅದು ತೆರೆಯದ ಹಾಗೆ ಯಾರೋ ತಂತಿ ಬಿಗಿದಿದ್ದರು. ಯಾರು? ಊರು ಅಪ್ಪನ ಹೆಸರು ಹೇಳಿತು. ಶಾಲೆಯಲ್ಲಿ ನನ್ನನ್ನು "ತಂತಿಯವನ ಮಗ" ಎಂದೇ ಕರೆಯುತ್ತಿದ್ದರು. ಆ ಮಾತಿಗೆ ಉತ್ತರ ಕೊಡಬೇಕು, ಈ ಪುಸ್ತಕ ಇರುವುದೇ ಅದಕ್ಕೆ.

ಜೂನ್ 5

ಅಕ್ಕ ಬರೆದು ತೋರಿಸುವ ಹಾಗಿಲ್ಲ, ನಾನು ನೋಡುವ ಹಾಗಿಲ್ಲ. ಬಾಯಿಲ್ಲದವಳಿಗೂ ಕಣ್ಣಿಲ್ಲದವನಿಗೂ ಒಂದೇ ಅಡುಗೆಮನೆ. ಕೊನೆಗೆ ಚಮಚದ ಒಪ್ಪಂದ ಆಯಿತು. ಮೇಜಿಗೆ ಒಂದು ಏಟು ಹೌದು, ಎರಡು ಏಟು ಇಲ್ಲ, ಮೂರು ಏಟು "ಬಾಯಿ ಮುಚ್ಚು". ಮೂರನೆಯದು ನನ್ನ ಸಲಹೆ ಅಲ್ಲ, ಆದರೆ ಅತಿ ಹೆಚ್ಚು ಬಳಕೆಯಾಗುತ್ತಿರುವುದು ಅದೇ.

ಯಂತ್ರಕ್ಕೆ ಗಿಣಿ ಎಂದು ಹೆಸರಿಟ್ಟಿದ್ದೇನೆ. ಕಂಡದ್ದೆಲ್ಲ ಒದರುತ್ತದೆ. ಪುಟದ ಸಂಖ್ಯೆ, ಗ್ರಂಥಾಲಯದ ಮುದ್ರೆ, ಅಡಿಟಿಪ್ಪಣಿ. ಕರುಣಾಜನಕ ಸಾವಿನ ವರ್ಣನೆಯ ನಡುವೆ "ಈ ಪುಸ್ತಕವನ್ನು ಹದಿನೈದು ದಿನದೊಳಗೆ ಹಿಂತಿರುಗಿಸಿ" ಎಂದು ಅದೇ ದನಿಯಲ್ಲಿ ಹೇಳಿ ಮುಂದೆ ಹೋಯಿತು. ಅಕ್ಕ ನಕ್ಕಳು ಅನ್ನಿಸುತ್ತದೆ, ಕುರ್ಚಿ ಅಲುಗಿತು.

ಪ್ರಕಾಶಕರ ಫೋನು ಬಂದಿತ್ತು. ಜೂನ್ ಮೂವತ್ತಕ್ಕೆ ಹಸ್ತಪ್ರತಿ ಕೈಗೆ ಬರಬೇಕು, ಪ್ರತಿಯೊಂದು ಉಲ್ಲೇಖಕ್ಕೂ ಪುಟಸಂಖ್ಯೆ ಬೇಕು. ವಿಚಾರಣಾ ಆಯೋಗದ ವರದಿಯದೇ ತೊಂದರೆ. ಅದರ ಒಂದೇ ಪ್ರತಿ ಗ್ರಂಥಾಲಯದಲ್ಲಿದೆ, ಹೊರಗೆ ಕೊಡುವುದಿಲ್ಲ. ಏಳು ವರ್ಷದ ಹಿಂದೆ ಅಕ್ಕ ಹನ್ನೊಂದು ದಿನ ಅಲ್ಲೇ ಕೂತು ನನಗೆ ಓದಿ ಹೇಳಿದ್ದಳು. ನಾನು ಬ್ರೈಲ್ ಚೀಟಿಗಳಲ್ಲಿ ಚುಚ್ಚಿಕೊಂಡು ಚಪ್ಪಲಿ ಡಬ್ಬಿಯಲ್ಲಿ ತುಂಬಿಟ್ಟಿದ್ದೇನೆ, ಆದರೆ ಪುಟಸಂಖ್ಯೆ ಬರೆದುಕೊಂಡಿಲ್ಲ. ಪುಸ್ತಕದ ಕೊನೆಯ ಅಧ್ಯಾಯ ನಿಂತಿರುವುದೇ ಆ ವರದಿಯ ಕೊನೆಯ ಮಾತಿನ ಮೇಲೆ: "ತಂತಿ ಕಟ್ಟಿದವರು ಯಾರೆಂದು ಖಚಿತವಾಗಿ ಹೇಳಲಾಗದು."

"ಆ ವರದಿನ ಗ್ರಂಥಾಲಯದ ಮೇಡಂ ಗಿಣಿಗೆ ಹಾಕಿ ಕೊಡ್ತಾರಂತೆ" ಎಂದೆ. ಎರಡು ಏಟು. "ಪುಟಸಂಖ್ಯೆ ಬೇಕಲ್ಲಕ್ಕಾ?" ಎರಡು ಏಟು, ಜೋರಾಗಿ. ತಾನೇ ಹೋಗಿ ನೋಡಿಕೊಂಡು ಬರುತ್ತಾಳೆ ಎಂದು ಅರ್ಥವಿರಬೇಕು. ಪಾಪ, ಯಂತ್ರದ ಮೇಲೆ ಅವಳಿಗೆ ಹೊಟ್ಟೆಕಿಚ್ಚು.

ಜೂನ್ 9

ಇವತ್ತು ಏನು ಮಾಡಿದೆ ಗೊತ್ತೆ? ಬೆಳಗಿನ ಪಾಳಿ ಮುಗಿಸಿ (ಆಸ್ಪತ್ರೆಯಲ್ಲಿ ಫೋನಿನ ಮುಂದೆ ಕೂರುವುದು ನನ್ನ ಹೊಟ್ಟೆಪಾಡು) ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಬಾಯ್ಲರ್ ಶಾಸ್ತ್ರದ ಒಂದು ಪುಸ್ತಕ ಓದಿದೆ. ಎಲ್ಲೋ ದೂರದ ಗ್ರಂಥಾಲಯದಿಂದ ಮೇಡಂ ತರಿಸಿಕೊಟ್ಟದ್ದು. "ವಾಲ್ವ್" ಎಂದು ಹುಡುಕಲು ಹೇಳಿದೆ. "ಐವತ್ತೆಂಟು ಕಡೆ ಸಿಕ್ಕಿದೆ" ಎಂದಿತು. ಒಂದೊಂದಾಗಿ ಹಾರುತ್ತ ಹೋದೆ. ಮೊದಲಾಗಿದ್ದರೆ ಅಕ್ಕ ಇಡೀ ಪುಸ್ತಕ ಮಗುಚಬೇಕಿತ್ತು, ನಾನು ನಾಚಿಕೆಪಟ್ಟು "ಸಾಕು ಬಿಡಕ್ಕಾ, ಅಷ್ಟೇನೂ ಮುಖ್ಯ ಅಲ್ಲ" ಅನ್ನಬೇಕಿತ್ತು. ಹಾಗೆ ಸಾಕು ಬಿಡು ಎಂದು ಎಷ್ಟು ಪುಸ್ತಕ ಮುಚ್ಚಿಸಿದ್ದೇನೋ.

ಒಂದು ಪ್ಯಾರಾ ಅರ್ಥವಾಗಲಿಲ್ಲ. ಏಳು ಸಲ ಓದಿಸಿದೆ. ಏಳು ಸಲವೂ ಗಿಣಿ ಬೇಸರವಿಲ್ಲದೆ ಓದಿತು. ಒಬ್ಬರಿಗೂ ಗೊತ್ತಾಗದ ಹಾಗೆ ದಡ್ಡನಾಗಿರುವ ಸುಖ ನನಗೆ ಇದೇ ಮೊದಲು. ಎರಡು ಬಸ್ಸು ಹೋದವು.

ಜೂನ್ 14

ಗಿಣಿಯ ವೇಗ ಹತ್ತರವರೆಗೂ ಇದೆ. ಎರಡರಲ್ಲಿ ಶುರುಮಾಡಿದ್ದೆ, ಈಗ ಏಳು. ಬೇರೆಯವರಿಗೆ ಅದು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳಿಸುತ್ತದಂತೆ, ನನಗೆ ಒಂದೊಂದು ಅಕ್ಷರವೂ ಸ್ಪಷ್ಟ. ಹತ್ತು ದಿನದಲ್ಲಿ ಆರು ಪುಸ್ತಕ, ನಲವತ್ತು ಹಳೇ ಪತ್ರಿಕೆ ಮುಗಿಸಿದ್ದೇನೆ. ಅಕ್ಕನ ಲೆಕ್ಕದಲ್ಲಿ ಅದು ಒಂದು ವರ್ಷದ ಓದು.

ಈ ಜನ ಯಾಕೆ ಇಷ್ಟು ನಿಧಾನವಾಗಿ ಮಾತಾಡುತ್ತಾರೆ? ಪ್ರಕಾಶಕರು ಒಂದು ವಾಕ್ಯ ಶುರುಮಾಡಿದರೆ ಮುಗಿಸುವಷ್ಟರಲ್ಲಿ ನಾನು ಮೂರು ಉತ್ತರ ಯೋಚಿಸಿರುತ್ತೇನೆ. "ಗೊತ್ತಾಯ್ತು, ಮುಂದೆ?" ಎಂದೆ. "ಯಾಕ್ರೀ, ರೈಲು ಹತ್ತಬೇಕಾ?" ಎಂದರು. ಚಹಾದಂಗಡಿಯವನಂತೂ ಚಿಲ್ಲರೆ ಎಣಿಸುವುದರೊಳಗೆ ಹರೆಯ ಕಳೆದುಕೊಳ್ಳುತ್ತಾನೆ. ಮನೆಯಲ್ಲಿ ಅಕ್ಕ ಚಮಚ ಎತ್ತಿ, ಯೋಚಿಸಿ, ಒಂದು ಏಟು ಹಾಕಿ, ಎರಡನೆಯದು ಹಾಕಲೋ ಬೇಡವೋ ಎಂದು ಕಾಯುತ್ತಾಳೆ. ನಾನೇ ಬೆರಳಲ್ಲಿ ಎರಡನೆಯದನ್ನು ಹಾಕಿ ಎದ್ದು ಬಂದೆ.

ಜೂನ್ 17

ಮೇಡಂ ಫೋನು ಮಾಡಿದ್ದರು. "ಸರ್, ವರದಿ ರೆಡಿ. ಮುನ್ನೂರ ಹನ್ನೆರಡು ಪುಟ. ಮಾಸಿಹೋದ ಪುಟಗಳನ್ನ ನಾನೇ ಕೂತು ಅಚ್ಚಿನ ಜೊತೆ ತಾಳೆ ನೋಡಿದೀನಿ. ಒಂದಕ್ಷರ ಬಿಟ್ಟಿಲ್ಲ."

ಅಕ್ಕನಿಗೆ ಹೇಳಿದೆ. ಚಮಚ ಎಲ್ಲಿತ್ತೋ ಅಲ್ಲೇ ಇತ್ತು. ಒಂದೂ ಇಲ್ಲ, ಎರಡೂ ಇಲ್ಲ.

ಜೂನ್ 18

ಹದಿನೇಳನೇ ಸಾಕ್ಷಿ.

ಇವತ್ತು ಮಾತಾಡಲು ಆಗುವುದಿಲ್ಲ.

ಜೂನ್ 19

ಸರಿ. ಕ್ರಮವಾಗಿ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ನಿನ್ನೆ ಮಧ್ಯಾಹ್ನ ಗ್ರಂಥಾಲಯದಲ್ಲೇ ಕೂತು "ತಂತಿ" ಎಂದು ಹುಡುಕಿಸಿದೆ. ನಲವತ್ತಮೂರು ಕಡೆ ಎಂದಿತು. ನನ್ನ ಡಬ್ಬಿಯ ಚೀಟಿಗಳಲ್ಲಿ ಇರುವುದು ಇಪ್ಪತ್ತೊಂಬತ್ತು. ಮುದ್ರೆ, ತಲೆಬರಹ ಎಲ್ಲ ಸೇರಿಸಿ ಎಣಿಸಿರಬೇಕು ಎಂದು ನಗುತ್ತಲೇ ಒಂದೊಂದಾಗಿ ಹಾರಿದೆ. ಹದಿನಾರನೇ ಸಾಕ್ಷಿ ಮುಗಿಯಿತು. ನನ್ನ ಚೀಟಿಯಲ್ಲಿ ಹೀಗಿದೆ: "17, ಕಾಯಿಲೆ, ಹಾಜರಾಗಿಲ್ಲ." ಅಕ್ಕ ಹಾಗೆಂದಿದ್ದಳು. ಗಿಣಿ ಓದಿತು: "ಹದಿನೇಳನೇ ಸಾಕ್ಷಿ. ಮಿಲ್ಲಿನ ಕಚೇರಿಯ ಟೈಪಿಸ್ಟ್, ವಯಸ್ಸು ಇಪ್ಪತ್ತೆರಡು, ಮೃತ ಬಾಯ್ಲರ್ ಕೆಲಸಗಾರನ ಮಗಳು."

ನನ್ನ ಅಕ್ಕ.

"ಸೇಫ್ಟಿ ವಾಲ್ವಿಗೆ ತಾನು ತಂತಿ ಕಟ್ಟುತ್ತಿರುವುದಾಗಿ ನನ್ನ ತಂದೆ ಮನೆಯಲ್ಲಿ ಹೇಳಿದ್ದರು. ಹೇಳಿಕೆಯನ್ನು ಓದಿ ಹೇಳಲಾಯಿತು. ಸರಿಯಾಗಿದೆ ಎಂದು ಸಾಕ್ಷಿ ಒಪ್ಪಿದರು. ಪುಟ ನೂರ ಎಂಬತ್ತಾರು."

ಏಳರ ವೇಗದಲ್ಲಿತ್ತು. ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದಿ ಹದಿನೆಂಟಕ್ಕೆ ಹೋಗಿಬಿಟ್ಟಿತು. ಕೊನೆಯ ಪುಟಕ್ಕೆ ಹೋದೆ. "ಖಚಿತವಾಗಿ ಹೇಳಲಾಗದು" ಎಂಬ ಮಾತು ಇಡೀ ವರದಿಯಲ್ಲಿ ಇಲ್ಲವೇ ಇಲ್ಲ. "ಹದಿನೇಳನೇ ಸಾಕ್ಷಿಯ ಹೇಳಿಕೆಯ ಆಧಾರದಲ್ಲಿ, ತಂತಿ ಕಟ್ಟಿದ್ದು ಬಾಯ್ಲರ್ ಕೆಲಸಗಾರನೇ, ಸ್ವಂತ ಇಚ್ಛೆಯಿಂದ" ಎಂದಿದೆ. ನನ್ನ ಪುಸ್ತಕ ನಿಂತಿರುವ ವಾಕ್ಯವನ್ನು ಬರೆದದ್ದು ಆಯೋಗವಲ್ಲ, ಅಕ್ಕ. ಬಿಟ್ಟದ್ದಷ್ಟೇ ಅಲ್ಲ, ಸೇರಿಸಿದ್ದೂ ಇದೆ.

ಮನೆಗೆ ಬಂದು ಮೇಜಿನ ಮುಂದೆ ನಿಂತೆ.

"ಹದಿನೇಳನೇ ಸಾಕ್ಷಿ ನೀನೇನಾ?"

ಒಂದು ಏಟು.

"ಗೊತ್ತಿದ್ದೇ ಬಿಟ್ಟೆಯಾ?"

ಒಂದು.

"ಇನ್ನೂ ಏನೇನು ಬಿಟ್ಟಿದೀಯ? ಮೂವತ್ತಾರು ವರ್ಷ ಓದಿದ್ದರಲ್ಲಿ ಎಷ್ಟು ನಿಜ, ಎಷ್ಟು ನಿನ್ನ ಕಥೆ?"

ಇದಕ್ಕೆ ಚಮಚದಲ್ಲಿ ಉತ್ತರವಿಲ್ಲ. "ಹೌದಾ ಇಲ್ವಾ, ಅಷ್ಟು ಹೇಳು ಸಾಕು" ಎಂದು ಕಿರುಚಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ.

ಜೂನ್ 22

ಮೂರು ದಿನದಿಂದ ಮನೆಯಲ್ಲಿ ಗಿಣಿಯದೊಂದೇ ದನಿ. ವೇಗ ಒಂಬತ್ತು. ಊಟದ ತಟ್ಟೆ ಮೇಜಿನ ಮೇಲೆ ಬಂದಿರುತ್ತದೆ, ನಾನು ತಿಂದು ಏಳುತ್ತೇನೆ.

ಕೊನೆಯ ಅಧ್ಯಾಯ ಹೊಸದಾಗಿ ಬರೆಯಲು ಕೂತೆ. "ಆಯೋಗ ನಂಬಿದ್ದು ಒಬ್ಬ ಟೈಪಿಸ್ಟ್ ಹುಡುಗಿಯ ಮಾತನ್ನು" ಎಂದು ಶುರುಮಾಡಿದೆ. ಅಲ್ಲಿಂದ ಮುಂದೆ ಹೋಗಲಿಲ್ಲ. ಯಾವ ಪುಸ್ತಕದಲ್ಲಿ ಏನು ಹುಡುಕಿದರೂ ಗಿಣಿ ಹುಡುಕಿ ಕೊಡುತ್ತದೆ, ನನಗೆ ಬೇಕಾದ್ದು ಯಾವುದರಲ್ಲೂ ಇಲ್ಲ.

ಜೂನ್ 24

ಗ್ರಂಥಾಲಯದ ಮೇಡಂ ಹತ್ತಿರ ಹೋಗಿ ಬೇಕೆಂದೇ ಗಿಣಿಯನ್ನು ಹೊಗಳಿದೆ. "ಇದು ನೋಡಿ ಮೇಡಂ, ಮನುಷ್ಯರ ಹಾಗಲ್ಲ. ಇದ್ದದ್ದನ್ನ ಇದ್ದ ಹಾಗೇ ಓದುತ್ತೆ. ಯಾರ ಮುಲಾಜೂ ಇಲ್ಲ."

ಮೇಡಂ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದರು, ಗೋಂದಿನ ವಾಸನೆ. "ಇದ್ದದ್ದನ್ನ ಓದುತ್ತೆ ಸರ್, ನಿಜ. ಆದ್ರೆ ಬರೆದವರು ಬಿಟ್ಟಿದ್ರೆ ಅದೇನು ಮಾಡುತ್ತೆ? ಆ ಹದಿನೇಳನೇ ಹೇಳಿಕೆ ನಾನು ತಾಳೆ ನೋಡಿದ್ನಲ್ಲ. ಬೇರೆ ಸಾಕ್ಷಿಗಳದ್ದೆಲ್ಲ ಎರಡು ಮೂರು ಪುಟ ಇದೆ. ಅದೊಂದೇ ನಾಲ್ಕು ಸಾಲು. ತಂದೇನ ಕಳ್ಕೊಂಡ ಹುಡುಗಿ ಅಷ್ಟೇನಾ ಹೇಳಿದ್ದು ಅನ್ನಿಸ್ತು ನನಗೆ."

ಹದಿನೇಳನೇ ಸಾಕ್ಷಿ ಯಾರೆಂದು ನಾನು ಅವರಿಗೆ ಹೇಳಿಲ್ಲ. ಹೇಳದೆಯೇ ಎದ್ದು ಬಂದೆ.

ದಾರಿಯುದ್ದಕ್ಕೂ ಕೋಲು ಕುಟ್ಟುತ್ತ ಬಂದೆ. ಕೋಲಿನ ಒಂದೊಂದು ಏಟೂ ಚಮಚದ ಹಾಗೆ ಕೇಳಿಸಿತು. ಹೇಳಿಕೆಯನ್ನು ಓದಿ ಹೇಳಲಾಯಿತು, ಸರಿಯಾಗಿದೆ ಎಂದು ಸಾಕ್ಷಿ ಒಪ್ಪಿದರು. ಅಂದರೆ ಅಲ್ಲೂ ಅವಳಿಗೆ ಇದ್ದದ್ದು ಒಂದೇ ಏಟಿನ ಉತ್ತರ. ನಲವತ್ತು ವರ್ಷದ ನಂತರ ನಾನೂ ಅದನ್ನೇ ಕೇಳಿದೆ.

ಜೂನ್ 27

ಬೆಳಗ್ಗೆ ಅಕ್ಕ ನನ್ನ ಕೋಣೆಗೆ ಬಂದು ಮಂಚದ ಅಂಚಿನಲ್ಲಿ ಕೂತಳು. "ನೋಡೋ" ಎಂದಳು. ತುಕ್ಕು ಹಿಡಿದ ಬಾಗಿಲು ತಳ್ಳಿದ ಹಾಗಿತ್ತು ಆ ದನಿ.

ನಾನು ಕೈಚಾಚಿ ಅವಳ ಬಾಯಿ ಮುಚ್ಚಿದೆ. ಬೆರಳಿಗೆ ಮೂಗು ಸಿಕ್ಕಿತು, ಆಮೇಲೆ ಬಾಯಿ. "ಬೇಡಕ್ಕಾ. ಮೂರನೇ ತಾರೀಕಿಗೆ ತಿಂಗಳು ತುಂಬುತ್ತೆ. ಕಾಯ್ತೀನಿ."

ಅವಳು ನನ್ನ ಕೈಯನ್ನು ಹಾಗೇ ಹಿಡಿದುಕೊಂಡು ಕೂತಳು. ನನಗೆ ಆಸ್ಪತ್ರೆಗೆ ಹೊತ್ತಾಯಿತು. ಹೋಗಲಿ ಎಂದುಕೊಂಡೆ.

ಪ್ರಕಾಶಕರಿಗೆ ಫೋನು ಮಾಡಿ ಮೂವತ್ತಕ್ಕೆ ಆಗುವುದಿಲ್ಲ ಎಂದೆ. ಪೂರ್ತಿ ಐದು ನಿಮಿಷ ಬೈದರು. ಕೇಳಿಸಿಕೊಂಡೆ. ಪರವಾಗಿಲ್ಲ, ಚೆನ್ನಾಗಿ ಬೈಯುತ್ತಾರೆ, ಒಂದು ಲಯವಿದೆ.

ಜುಲೈ 3

ಡಾಕ್ಟರು ಗಂಟಲಿಗೆ ಕನ್ನಡಿ ಹಿಡಿದು ನೋಡಿದರು. ಗಂಟು ಇಳಿದಿದೆ. ದಿನಕ್ಕೆ ಅರ್ಧ ಗಂಟೆ ಮಾತಾಡಬಹುದು. "ಯಾರ ಹತ್ರ ಮಾತಾಡಬೇಕು ಅಂತ ಆರಿಸ್ಕೊಳ್ಳಿ ಅಮ್ಮ" ಎಂದರು.

ಮನೆಗೆ ಬಂದು ಅಕ್ಕ ಅಡುಗೆಮನೆಯ ಗಡಿಯಾರಕ್ಕೆ ಅರ್ಧ ಗಂಟೆಯ ಅಲಾರಂ ಇಟ್ಟಳು. ನಾವಿಬ್ಬರೂ ಮೇಜಿಗೆ ಕೂತೆವು.

"ಅಪ್ಪ ಹೋಗಿ ಒಂಬತ್ತನೇ ದಿನ ಕೆಲಸಕ್ಕೆ ಕರೆದ್ರು. ಮ್ಯಾನೇಜರು ಕೈಬರಹದ ಕಾಗದದ ಕಟ್ಟು ಕೊಟ್ಟು, ಮೂರು ಮೂರು ಪ್ರತಿ ಹೊಡಿ ಅಂದ. ಟೈಪಿಸ್ಟ್ ಓದಲ್ಲ ಕಣೋ. ಕಣ್ಣು ಕಾಗದದ ಮೇಲೆ, ಬೆರಳು ಕೀಲಿ ಮೇಲೆ, ಮನಸ್ಸು ಎಲ್ಲೋ. ಹದಿನಾಲ್ಕು ಹೇಳಿಕೆ ಹೊಡೆದೆ. ನನ್ನದೂ ಅದರಲ್ಲೇ ಇತ್ತು. ಸಹಿ ಹಾಕು ಅಂದ್ರು, ಹಾಕಿದೆ. ಜೀವಮಾನದಲ್ಲಿ ಓದದೆ ಸಹಿ ಹಾಕಿದ್ದು ಅದೊಂದೇ ಸಲ."

"ಆಮೇಲೆ?"

"ಆಯೋಗದವರ ಮುಂದೆ ಗುಮಾಸ್ತ ಗಟ್ಟಿಯಾಗಿ ಓದಿದ. ಆಗ ಕೇಳಿಸ್ತು. ಅಪ್ಪ ಹೇಳಿದ್ದು ನಿಜಾನೇ. ಊಟಕ್ಕೆ ಕೂತಾಗ ಹೇಳಿದ್ರು. 'ಹಬೆ ಪೋಲಾಗುತ್ತೆ, ತಂತಿ ಕಟ್ಟು ಅಂತಾನೆ ಮ್ಯಾನೇಜರು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ ಅಂತಾನೆ. ಅದಕ್ಕೇ ಕಟ್ತಿದೀನಿ.' ನಾನು ಹೇಳಿಕೆ ಬರೆದುಕೊಂಡವನಿಗೆ ಅಷ್ಟೂ ಹೇಳಿದ್ದೆ. ಕಾಗದದಲ್ಲಿ ಬಂದಿದ್ದು ಬಾಲ ಮಾತ್ರ."

ಹಾಗಾದರೆ ಕಟ್ಟಿದ್ದು ಅಪ್ಪನೇ. ಅದು ನನಗೆ ಒಳಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕನ ಅರ್ಧ ಗಂಟೆ ಕರಗುತ್ತಿತ್ತು.

"ಆಗಲೇ ಅಲ್ಲ ಅನ್ನಬಹುದಿತ್ತಲ್ಲಕ್ಕಾ?"

"ಸರಿಯಾಗಿದೆಯಾ, ಹೌದು ಅಥವಾ ಇಲ್ಲ ಅಂತ ಹೇಳಿ ಅಂದ್ರು. ಮ್ಯಾನೇಜರು ಎದುರಿಗೇ ಕೂತಿದ್ದ. ನಿನ್ನ ಕಣ್ಣಿನ ಆಪರೇಷನ್‌ಗೆ ದೊಡ್ಡಾಸ್ಪತ್ರೆಗೆ ಮಿಲ್ಲಿಂದ ಚೀಟಿ ಬೇಕಿತ್ತು. ಅದು ಅವನ ಮೇಜಿನ ಮೇಲಿತ್ತು, ಸಹಿಗೆ. ಹತ್ತು ವರ್ಷದ ಮಗು ನೀನು, ಗೋಡೆ ಹಿಡ್ಕೊಂಡು ನಡೀತಿದ್ದೆ. ಹೂಂ ಅಂದೆ."

ಆ ಆಪರೇಷನ್ ನನಗೆ ನಾಲ್ಕು ವರ್ಷದ ಕಣ್ಣು ಕೊಟ್ಟಿತು. ನಾನು ಅಕ್ಷರ ನೋಡಿ ಓದಿದ್ದು ಆ ನಾಲ್ಕು ವರ್ಷದಲ್ಲಿ. ಅಮ್ಮನ ಮುಖ ನನಗೆ ಇವತ್ತೂ ನೆನಪಿರುವುದು ಆ ನಾಲ್ಕು ವರ್ಷದಿಂದ. ಅಕ್ಕನ ಮುಖವೂ, ಇಪ್ಪತ್ತಾರರದ್ದು.

"ನೀನು ಆ ವರದಿ ಓದು ಅಂದಾಗ ನಾಲಗೆ ಹೊರಳಲಿಲ್ಲ. ಬಿಟ್ಟೆ. ಬಿಟ್ಟ ಜಾಗಕ್ಕೆ ಏನಾದ್ರೂ ಹಾಕಬೇಕಲ್ಲ, ಹಾಕಿದೆ. ಬೇರೆ ಯಾವುದರಲ್ಲೂ ಒಂದಕ್ಷರ ಬಿಟ್ಟಿಲ್ಲ. ನಿನ್ನ ಗಿಣಿ ಹತ್ರ ಬೇಕಾದ್ರೆ ಎಲ್ಲ ತಾಳೆ ನೋಡಿಸು."

"ನೋಡಿಸಲ್ಲ" ಎಂದೆ.

ಅಷ್ಟರಲ್ಲಿ ಅಲಾರಂ ಬಡಿದುಕೊಂಡಿತು. ಅಕ್ಕ ಅದರ ತಲೆಗೆ ಒಂದು ಕೊಟ್ಟು ನಿಲ್ಲಿಸಿದಳು.

"ಇದನ್ನ ಬರೀಲಾ ಅಕ್ಕಾ?"

ಚಮಚ ನಮ್ಮಿಬ್ಬರ ನಡುವೆ ಇತ್ತು. ಅವಳು ಅದನ್ನು ಎತ್ತಿ ಡ್ರಾಯರ್ ಒಳಗೆ ಹಾಕಿ ಮುಚ್ಚಿದ್ದು ಕೇಳಿಸಿತು. ಡಾಕ್ಟರ ಮಾತು ಮೀರಿ ಹೇಳಿದಳು: "ಬರಿ. ಆದ್ರೆ ಪೂರ್ತಿ ವಾಕ್ಯ ಬರಿ."

ಜುಲೈ 11

ಕೊನೆಯ ಅಧ್ಯಾಯ ಮುಗಿಯಿತು. ಅಪ್ಪ ತಂತಿ ಕಟ್ಟಿದರು ಎಂದು ಬರೆದಿದ್ದೇನೆ, ಕಟ್ಟಿಸಿದ್ದು ಯಾರೆಂದೂ ಬರೆದಿದ್ದೇನೆ. ಸಾಕ್ಷಿಗಳ ಹೇಳಿಕೆಗಳನ್ನು ಸಾಲಾಗಿ ಕೊಟ್ಟಿದ್ದೇನೆ. ಅಕ್ಕನ ಒಂದು ಹೇಳಿಕೆಗೆ ಪುಟಸಂಖ್ಯೆ ನೂರ ಎಂಬತ್ತಾರು. ಇನ್ನೊಂದಕ್ಕೆ ಪುಟಸಂಖ್ಯೆ ಇಲ್ಲ. "ಅಕ್ಕ ಹೇಳಿದ್ದು, ಅಡುಗೆಮನೆಯಲ್ಲಿ, ಜುಲೈ ಮೂರು" ಎಂದಷ್ಟೇ ಹಾಕಿದ್ದೇನೆ. ಪ್ರಕಾಶಕರು ತಕರಾರು ತೆಗೆದರೆ ತೆಗೆಯಲಿ. ಊರು ನನ್ನನ್ನು ಇನ್ನೂ ತಂತಿಯವನ ಮಗ ಎಂದರೆ ಅನ್ನಲಿ, ಹೌದಲ್ಲ.

ಇವತ್ತು ಮಧ್ಯಾಹ್ನ ಅಧ್ಯಾಯವನ್ನು ಗಿಣಿಗೆ ಹಾಕಿ ಅಕ್ಕನ ಮುಂದಿಟ್ಟೆ. ಇಷ್ಟು ವರ್ಷ ಅವಳು ನನಗೆ ಓದಿದಳು, ಒಂದು ಸಲ ಅವಳು ಸುಮ್ಮನೆ ಕೂತು ಕೇಳಲಿ ಎಂದು. ಗುಂಡಿ ಒತ್ತಿದೆ. "ಏನೋ ಇದು, ಕಲ್ಲು ಅರೆಯೋ ಹಾಗೆ!" ಎಂದಳು. ವೇಗ ಒಂಬತ್ತರಲ್ಲೇ ಇತ್ತು. ಇಳಿಸಿದೆ. "ಇನ್ನೂ." ಇಳಿಸಿದೆ. ಎರಡಕ್ಕೆ ಬಂದಾಗ "ಹ್ಞಾಂ, ಈಗ ಮನುಷ್ಯರ ಹಾಗಿದೆ" ಎಂದಳು. ಎರಡು ನನಗೂ ಹಿತವೆನಿಸಿತು. ಕಿಟಕಿಯಾಚೆ ಯಾರೋ ಬಟ್ಟೆ ಒಗೆಯುತ್ತಿದ್ದದ್ದು, ಅಕ್ಕ ಮೊಣಕೈ ಬದಲಿಸಿದ್ದು, ಎಲ್ಲ ಕೇಳುತ್ತಿತ್ತು.

ಹದಿನಾರನೇ ಸಾಕ್ಷಿ ಮುಗಿಯಿತು. ಗಿಣಿ ಉಸಿರು ಎಳೆದುಕೊಳ್ಳುವುದಿಲ್ಲ, ಆದರೂ ಒಂದು ಕ್ಷಣ ನಿಂತ ಹಾಗಾಯಿತು. ಮುಂದಿನದು ಏನೆಂದು ನಮ್ಮಿಬ್ಬರಿಗೂ ಗೊತ್ತು. ನನ್ನ ಹೆಬ್ಬೆರಳು ತಾನಾಗಿಯೇ ಮುಂದಿನ ಪುಟಕ್ಕೆ ಹಾರಿಸುವ ಗುಂಡಿಯ ಮೇಲೆ ಹೋಗಿತ್ತು.

ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಹಾರಿಸಬೇಡ. ಓದ್ಲಿ."